ನಿಮಗಿದು ಗೊತ್ತೇ? ಕ್ಯಾರಿ ಹಾವಿನ ಬಂಧು-ಬಳಗ

ಯಾದಗಿರಿ ಬಳಿಯ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠಕ್ಕೆ ಹೋಗುವ ದಾರಿ ಎಂದಿಟ್ಟುಕೊಳ್ಳಿ. ತೊಗರಿ ಹೊಲದ ಬದುವಿನ ಮೇಲೆ ಸರ್ರನೆ ಏನೋ ಹರಿಯಿತು. ಆಗ ಜನರ ಬಾಯಲ್ಲಿ ಬರುವುದು ಎರಡೇ ಮಾತು. ಮೊದಲನೆಯದು, ‘ಯಪ್ಪಾ, ಹಾವು!’ ಎರಡನೆಯದು, ತುಸು ಉಸಿರು ಬಂದ ಮೇಲೆ, ‘ನಾಗರಲ್ಲ ಬಿಡೋ, ಕ್ಯಾರಿ ಅದ.’ ಮೊದಲ ಮಾತಿಗೂ ಎರಡನೇ ಮಾತಿಗೂ ನಡುವೆ ಬಡಿಗೆ ಮೇಲೇಳದಿದ್ದರೆ ಹಾವು ಬದುಕಿಕೊಂಡಿತು. ಎದ್ದರೆ, ಸತ್ತ ಮೇಲೆ ಅದರ ಜಾತಿ ವಿಚಾರಣೆ.

ಈ ಸಲದ ಅಂಕಣ ಆ ‘ಬಿಡೋ’ ಎನ್ನಿಸಿಕೊಂಡವರ ಮನೆತನದ್ದು. ನಾಗರಕ್ಕೆ ಗುಡಿ ಇದೆ, ಹಬ್ಬ ಇದೆ, ಸಿನಿಮಾ ಇದೆ. ಇವಕ್ಕೆ ಏನೂ ಇಲ್ಲ. ಎಷ್ಟೋ ಹಾವುಗಳಿಗೆ ನಮ್ಮಲ್ಲಿ ನೆಟ್ಟಗೆ ಒಂದು ಹೆಸರೂ ಇಲ್ಲ.

◆ ಈ ಮನೆತನಕ್ಕೆ ವಿಜ್ಞಾನದಲ್ಲಿ ಕೊಲುಬ್ರಿಡೇ ಎಂದು ಹೆಸರು. ‘ಕೊಲುಬರ್’ ಎಂದರೆ ಲ್ಯಾಟಿನ್‌ನಲ್ಲಿ ಬರೀ ‘ಹಾವು’. 1811ರಲ್ಲಿ ಜರ್ಮನಿಯ ಒಪ್ಪೆಲ್ ಎಂಬಾತ ಈ ಕುಟುಂಬಕ್ಕೆ ನಾಮಕರಣ ಮಾಡಿದ. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಹಾವುಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಹಳೆಯ ಲೆಕ್ಕದಲ್ಲಿ ಅದರಲ್ಲಿ ಅರ್ಧದಷ್ಟು ಇದೊಂದೇ ಕುಟುಂಬದವು. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ.

◆ ‘ಹಳೆಯ ಲೆಕ್ಕ’ ಅಂದದ್ದೇಕೆ? ಬಹುಕಾಲ ಇದು ಕುಟುಂಬಕ್ಕಿಂತ ಹೆಚ್ಚಾಗಿ ಹಗೇವಿನಂತಿತ್ತು. ಹೆಬ್ಬಾವಿನ ಪೈಕಿ ಅಲ್ಲ, ನಾಗರದ ಪೈಕಿ ಅಲ್ಲ, ಮಂಡಲದ ಪೈಕಿ ಅಲ್ಲ ಎಂದ ಹಾವನ್ನೆಲ್ಲ ಪಂಡಿತರು ಇದರೊಳಗೆ ಸುರಿದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಗಡಿ ಹೊಸದಾಗಿ ಎಳೆಯಬೇಕಾಯಿತು. ನಮ್ಮವರಿಗೆ ಇದು ಬೇಗ ತಿಳಿಯುತ್ತದೆ: ಒಂದು ಕಾಲಕ್ಕೆ ಎಲ್ಲವೂ ಗುಲ್ಬರ್ಗಾ ಜಿಲ್ಲೆ; 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ಸೇರಿ ರಾಜ್ಯದ 30ನೇ ಜಿಲ್ಲೆಯಾಯಿತು; ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ಎಂದು ಹೊಸ ತಾಲ್ಲೂಕುಗಳು. ಹಾಗೆಯೇ ನೀರುಹಾವುಗಳಿಗೆ ಕೆಲವರು ಬೇರೆ ಕುಟುಂಬವನ್ನೇ ಕೊಟ್ಟಿದ್ದಾರೆ, ಕೆಲವರು ‘ಇನ್ನೂ ಉಪಕುಟುಂಬ ಅಷ್ಟೇ’ ಎನ್ನುತ್ತಾರೆ. ಜಗಳ ಮುಗಿದಿಲ್ಲ. ಈ ಅಂಕಣ ಹಳೆಯ ಜಿಲ್ಲೆಯ ನಕ್ಷೆಯನ್ನೇ ಇಟ್ಟುಕೊಂಡಿದೆ.

◆ ಮಣ್ಣುಮುಕ್ಕ ಹಾವು, ಅಂದರೆ ಜನ ‘ಎರಡು ತಲೆಯ ಹಾವು’ ಎಂದು ಕರೆಯುವುದು, ಈ ಮನೆತನದ್ದಲ್ಲ. ಅದಕ್ಕೆ ಎರಡು ತಲೆಯೂ ಇಲ್ಲ.

◆ ಈ ಹಾವುಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ಒಂಬತ್ತು ದೊಡ್ಡ ಹುರುಪೆಗಳು ಪರಸಿ ಕಲ್ಲು ಹಾಸಿದಂತೆ ಜೋಡಿಸಿರುತ್ತವೆ. ಕೊಳಕುಮಂಡಲದ ನೆತ್ತಿಯಾದರೋ ಸಣ್ಣ ಸಣ್ಣ ಹುರುಪೆಗಳ ಜಲ್ಲಿಕಲ್ಲು. ಆದರೆ ನಾಗರ, ಕಟ್ಟುಹಾವುಗಳ ನೆತ್ತಿಯೂ ಪರಸಿಯದೇ. ಆದ್ದರಿಂದ ಇದೊಂದನ್ನೇ ನಂಬಿ ಹತ್ತಿರ ಬಗ್ಗಿ ನೋಡಬೇಡಿ.

◆ ಈಗ ಮನೆತನದ ಯಜಮಾನ. ಪುಸ್ತಕದಲ್ಲಿ ಕೇರೆ ಹಾವು, ಮಾತಿನಲ್ಲಿ ಕ್ಯಾರಿ. ಗಡಿಯಾಚೆ ತೆಲುಗಿನವರು ಜೆರ್ರಿಪೋತು ಅನ್ನುತ್ತಾರೆ. ವಿಜ್ಞಾನದ ಹೆಸರು ಟ್ಯಾಸ್ ಮ್ಯೂಕೋಸಾ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಕೊಟ್ಟ ‘ಮ್ಯೂಕೋಸಾ’ ಪದಕ್ಕೆ ಲೋಳೆಯ ಮೈಯದು ಎಂದರ್ಥ. ಪುಣ್ಯಾತ್ಮ ಭಾರತಕ್ಕೆ ಕಾಲಿಟ್ಟವನಲ್ಲ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಯಾದಗಿರಿಗೆ ಬಂದು ಎರೆ ಹೊಲದಲ್ಲಿ ಒಂದು ಕೇರೆ ನೋಡಿದ್ದರೆ ಆ ಹೆಸರು ಇಡುತ್ತಿರಲಿಲ್ಲ. ಯಾವ ಹಾವಿನ ಮೈಯೂ ಲೋಳೆಯಲ್ಲ. ಒಣಗಿದ ಜೋಳದ ಎಲೆಯಂತೆ ನುಣುಪು, ಒಣ.

ಕೇರೆ ಆರೇಳು ಅಡಿ ಇರುವುದು ಸಾಮಾನ್ಯ. ಹತ್ತಡಿ ದಾಟಿದವೂ ಸಿಕ್ಕಿವೆ. ಹಗಲು ಬೇಟೆ, ಗುಂಡು ಪಾಪೆಯ ದೊಡ್ಡ ಕಣ್ಣು, ಓಟದಲ್ಲಿ ಕೈಗೆ ಸಿಗುವುದಿಲ್ಲ. ವಿಷ ಇಲ್ಲ. ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಉಸಿರುಗಟ್ಟಿಸುವುದಿಲ್ಲ. ಬಾಯಲ್ಲಿ ಹಿಡಿದು, ಮೈಭಾರದಿಂದ ನೆಲಕ್ಕೆ ಒತ್ತಿ, ಒದ್ದಾಟ ನಿಂತರೂ ನಿಲ್ಲದಿದ್ದರೂ ನುಂಗಿಬಿಡುತ್ತದೆ. ಓಡಲು ದಾರಿ ಸಿಗದೆ ಮೂಲೆಗೆ ಸಿಕ್ಕರೆ ಕುತ್ತಿಗೆ ಉಬ್ಬಿಸಿ ‘ಗುರ್ರ್’ ಎನ್ನುತ್ತದೆ. ಆ ಉಬ್ಬಿದ ಕುತ್ತಿಗೆಯೇ ಅದಕ್ಕೆ ಮೃತ್ಯು: ಜನ ಹೆಡೆ ಎಂದುಕೊಳ್ಳುತ್ತಾರೆ.

◆ ಬೆಕ್ಕು, ಗೂಬೆ, ಕೇರೆ ಮೂರೂ ಇಲಿ ತಿನ್ನುತ್ತವೆ. ಆದರೆ ಬಿಲದೊಳಗೆ ಹೋಗಿ, ಮರಿಗಳ ಸಮೇತ ಸಂಸಾರವನ್ನೇ ಮುಗಿಸಿ ಬರುವುದು ಕೇರೆಗೆ ಮಾತ್ರ ಸಾಧ್ಯ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂದು ಸುರಪುರ, ಶಹಾಪುರದ ಕಡೆ ಜೋಳದ ನೆಲ ಭತ್ತದ ಗದ್ದೆಯಾದ ಮೇಲೆ ಇಲಿ, ಹೆಗ್ಗಣಗಳಿಗೆ ಹನ್ನೆರಡೂ ತಿಂಗಳು ಊಟ. ಗದ್ದೆಯ ಬದುವಿನಲ್ಲಿ ಬಿಲ ತೋಡಿ ತೆನೆಗಳನ್ನು ಒಳಗೆ ಪೇರಿಸಿಕೊಳ್ಳುವ ಇಲಿಗೆ ಲಗಾಮು ಹಾಕುವವರು ಬೇಕು. ಕೇರೆ ಆ ಕೆಲಸಕ್ಕೆ ಸಂಬಳ ಕೇಳುವುದಿಲ್ಲ. ರೈತರ ಮಾತಿನಲ್ಲಿ ಅದನ್ನು ‘ರೈತನ ಮಿತ್ರ’ ಎನ್ನುವುದುಂಟು. ಮಿತ್ರನನ್ನು ಗುರುತು ಹಿಡಿಯುವಷ್ಟು ಹೊತ್ತು ಬಡಿಗೆ ತಡೆದರೆ ಸಾಕಿತ್ತು.

◆ ‘ಕೇರೆ ಗಂಡು, ನಾಗರ ಹೆಣ್ಣು, ಅವೆರಡೂ ಗಂಡ ಹೆಂಡತಿ’ ಎಂದು ಹೇಳುವವರು ಈಗಲೂ ಊರಿಗೆ ಹತ್ತು ಮಂದಿ ಸಿಗುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದವು. ಮದುವೆ ಇರಲಿ, ನಾಗರ ಸಮಯ ಸಿಕ್ಕರೆ ಕೇರೆಯನ್ನು ನುಂಗಿಯೇ ಬಿಡುತ್ತದೆ. ಕೇರೆಯಲ್ಲಿ ಗಂಡೂ ಇದೆ, ಹೆಣ್ಣೂ ಇದೆ, ನಾಗರದಲ್ಲೂ ಹಾಗೆಯೇ.

◆ ಎರಡು ಕೇರೆಗಳು ಹುರಿಗೊಂಡ ಹಗ್ಗದಂತೆ ಸುತ್ತಿಕೊಂಡು, ಮುಂಭಾಗ ನೆಲದಿಂದ ಮೇಲೆತ್ತಿ ಆಡುವುದನ್ನು ನೋಡಿದ್ದೀರಾ? ಹಾವಿನ ಮಿಲನ ಎಂದು ಕೈ ಮುಗಿಯುತ್ತಾರೆ. ಹೊಸ ಧೋತರವನ್ನೋ ಟವೆಲನ್ನೋ ಅದರ ಮೇಲೆ ಎಸೆದು, ಆಮೇಲೆ ಆ ಬಟ್ಟೆಯನ್ನು ದೇವರ ಮಾಡದಲ್ಲಿಟ್ಟರೆ ಐಶ್ವರ್ಯ ಬರುತ್ತದೆಂಬ ನಂಬಿಕೆಯೂ ಇದೆ. ನಿಜವೇನೆಂದರೆ ಅವೆರಡೂ ಗಂಡು. ಅದು ಕುಸ್ತಿ. ಯಾರ ತಲೆ ಯಾರನ್ನು ನೆಲಕ್ಕೆ ಒತ್ತುತ್ತದೋ ಅವನು ಗೆದ್ದ. ಕಚ್ಚುವುದಿಲ್ಲ, ರಕ್ತ ಸುರಿಯುವುದಿಲ್ಲ. ಸೋತವನು ಸುಮ್ಮನೆ ಜಾಗ ಖಾಲಿ ಮಾಡುತ್ತಾನೆ. ಜಾತ್ರೆಯ ಗರಡಿ ಕುಸ್ತಿಗಿಂತ ಶಿಸ್ತು. ಧೋತರ ಎಸೆದವರು ಇಬ್ಬರು ಪೈಲ್ವಾನರ ಮೈಮೇಲೆ ಬಟ್ಟೆ ಹೊದೆಸಿದ್ದಾರೆ ಅಷ್ಟೇ.

◆ ಕೇರೆ ಆಕಳ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂಬ ಮಾತು ನಮ್ಮಲ್ಲಿದೆಯಷ್ಟೆ? ಸಾವಿರಾರು ಮೈಲಿ ದೂರದ ಅಮೆರಿಕದ ಹಳ್ಳಿಗರೂ ಥೇಟು ಇದನ್ನೇ ನಂಬಿದ್ದರು. ಅಲ್ಲಿ ಆರೋಪಿಯಾಗಿ ನಿಂತದ್ದು ಇದೇ ಕುಟುಂಬದ ಇನ್ನೊಂದು ಹಾವು. ಅದಕ್ಕೆ ‘ಮಿಲ್ಕ್ ಸ್ನೇಕ್’ ಎಂಬ ಹೆಸರೇ ಕಾಯಂ ಆಯಿತು. ಅಲ್ಲೂ ಇಲ್ಲೂ ಹಾವು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಒಳಗೆ ಬಾಗಿದ ಸೂಜಿಯಂಥ ಹಲ್ಲುಗಳನ್ನು ಕೆಚ್ಚಲಿಗೆ ಹಾಕಿದರೆ ಆಕಳು ಸುಮ್ಮನೆ ನಿಂತೀತೇ ಎಂದು ಎರಡೂ ಖಂಡಗಳಲ್ಲಿ ಯಾರೂ ಕೇಳಲಿಲ್ಲ.

◆ ಪಂಚಮಿಯ ಹಾಲಿನ ವಿಷಯವೂ ಬಂತು. ಹಾವಿಗೆ ಹಾಲು ಆಹಾರವಲ್ಲ. ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿದಂತೆ ಕಂಡರೆ, ದಿನಗಟ್ಟಲೆ ನೀರಿಲ್ಲದೆ ಬಾಯಾರಿದೆ ಎಂದರ್ಥ. ಹುತ್ತಕ್ಕೆ ಎರೆದ ‘ಅವ್ವನ ಪಾಲು, ಅಣ್ಣನ ಪಾಲು’ ಎಲ್ಲ ಗೆದ್ದಲಿಗೆ, ಇರುವೆಗೆ. ಹುತ್ತವೂ ಗೆದ್ದಲಿನದೇ ತಾನೇ. ಮಾಲೀಕರಿಗೆ ಬಾಡಿಗೆ ಸಂದಾಯವಾಯಿತು.

◆ ಅದೇ ಪಂಚಮಿಯ ದಿನ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ಹಾವಿಗೆ ರಜೆ, ಚೇಳಿಗೆ ಪೂಜೆ. ಕೊಂಡಮ್ಮಾಯಿ ಗುಡ್ಡದ ಕಲ್ಲುಗಳನ್ನು ಎತ್ತಿ, ಕೆಳಗಿನ ಚೇಳುಗಳನ್ನು ಹಿಡಿದು, ಅಂಗೈ ಮೇಲೆ, ಕೆನ್ನೆ ಮೇಲೆ ಬಿಟ್ಟುಕೊಳ್ಳುತ್ತಾರೆ, ಮಕ್ಕಳೂ ಸೇರಿ. ಇಡೀ ನಾಡು ನಾಗಪ್ಪನಿಗೆ ಹಾಲೆರೆಯುವಾಗ ಚೇಳಿನ ನೆನಪಿಟ್ಟ ಊರು ಇದು. ಕೇರೆಯನ್ನು ನೆನೆಯುವ ಊರು ಎಲ್ಲಾದರೂ ಇದ್ದರೆ ನನಗೆ ಪತ್ರ ಬರೆಯಿರಿ.

◆ 1972. ಆ ವರ್ಷದ ಕೊನೆಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಸಿನಿಮಾ ಎಲ್ಲರಿಗೂ ಗೊತ್ತು. ಕೇರೆಯನ್ನು ಕೊಲ್ಲುವುದು, ಹಿಡಿದು ಮಾರುವುದು ಆ ಕಾಯ್ದೆಯಡಿ ಅಪರಾಧ ಎಂಬುದು ಎಷ್ಟು ಜನಕ್ಕೆ ಗೊತ್ತು?

◆ ಆಗುಂಬೆ ಕಡೆಯ ಕಾಳಿಂಗ ಸರ್ಪಕ್ಕೆ ಅಚ್ಚುಮೆಚ್ಚಿನ ಊಟ ಕೇರೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ವಿಜ್ಞಾನಿಗಳು ಬೇರೆಯೇ ಪ್ರಭೇದವೆಂದು ಗುರುತಿಸಿ, ಅದಕ್ಕೆ ಕನ್ನಡದ ಹೆಸರನ್ನೇ ಇಟ್ಟರು: ಓಫಿಯೋಫೇಗಸ್ ಕಾಳಿಂಗ. ‘ಓಫಿಯೋಫೇಗಸ್’ ಎಂದರೆ ಹಾವು ತಿನ್ನುವುದು. ‘ಹಾವು ತಿನ್ನೋರ ಊರಿಗೆ ಹೋದರೆ ನಡುತುಂಡು ನನಗೆ ಅನ್ನಬೇಕು’ ಎಂಬ ನಮ್ಮ ಗಾದೆ ಅದಕ್ಕೆ ಅನ್ವಯಿಸದು. ಅದು ತುಂಡು ಮಾಡುವುದಿಲ್ಲ, ಇಡಿಯಾಗಿಯೇ ನುಂಗುತ್ತದೆ.

◆ ಭಾಷೆಯ ಮಾತು ಬಂತೆಂದು ಇನ್ನೊಂದು. ಕಟ್ಟುಹಾವುಗಳ ಕುಲಕ್ಕೆ ವಿಜ್ಞಾನದಲ್ಲಿ ಬಂಗಾರಸ್ ಎಂದು ಹೆಸರು. ಮೂಲ ತೆಲುಗಿನ ‘ಬಂಗಾರು’. ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಕೋರಮಂಡಲ ತೀರದ ಹಾವುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿ, ಊರವರು ಹೇಳಿದ ಹೆಸರುಗಳನ್ನು ಹಾಗೆಯೇ ಬರೆದಿಟ್ಟ. ಹಳದಿ ಪಟ್ಟೆಯ ಹಾವಿನ ಆ ಹೆಸರು ಪ್ಯಾರಿಸ್ ಮುಟ್ಟಿ ಲ್ಯಾಟಿನ್ ಆಯಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಎನ್ನುವುದು ಇದೇ ರಸೆಲ್‌ನ ಹೆಸರಿನಿಂದ.

◆ ಈಗ ತುಸು ನಿಧಾನವಾಗಿ ಓದಬೇಕಾದದ್ದು. ನಮ್ಮ ಕಡೆಯ ಕಲ್ಲಿನ ಮನೆ, ಗೋಡೆಯ ಸಂದು, ಪರಸಿ ನೆಲ, ಮೂಲೆಯಲ್ಲಿ ಪೇರಿಸಿದ ತೊಗರಿ ಕಟ್ಟಿಗೆ, ಕುಳ್ಳಿನ ರಾಶಿ. ರಾತ್ರಿ ಹಲ್ಲಿ ಬೇಟೆಗೆ ಬರುವ ಕಂದು ಮೈ, ಬಿಳಿ ಪಟ್ಟೆಯ, ಒಂದೂವರೆ ಅಡಿಯ ಹಾವಿಗೆ ತೋಳಹಾವು ಎಂದು ಹೆಸರು. ವಿಜ್ಞಾನದ ಹೆಸರು ಲೈಕೋಡಾನ್ ಆಲಿಕಸ್. ಲೈಕೋಡಾನ್ ಎಂದರೆ ತೋಳದ ಹಲ್ಲು, ಆಲಿಕಸ್ ಎಂದರೆ ಅರಮನೆಗೆ ಸೇರಿದ್ದು. ಸುರಪುರದ ಅರಮನೆಯೇ ಆಗಬೇಕೆಂದಿಲ್ಲ, ನಿಮ್ಮ ಮಾಳಿಗೆ ಮನೆಯೂ ಅದಕ್ಕೆ ನಡೆಯುತ್ತದೆ. ವಿಷ ಇಲ್ಲ. ಆದರೆ ವೇಷ ಮಾತ್ರ ಕಟ್ಟುಹಾವಿನದು. ಕಟ್ಟುಹಾವೋ, ನಾಡಿನ ನಾಲ್ಕು ಘೋರ ವಿಷಸರ್ಪಗಳಲ್ಲಿ ಒಂದು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ವ್ಯತ್ಯಾಸ ಇಷ್ಟು. ತೋಳಹಾವಿನ ಪಟ್ಟೆ ಕುತ್ತಿಗೆ ಕಡೆ ಢಾಳಾಗಿದ್ದು ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನದು ತಿರುಗುಮುರುಗು: ಕುತ್ತಿಗೆ ಹತ್ತಿರ ಮಸುಕು ಅಥವಾ ಇಲ್ಲವೇ ಇಲ್ಲ, ಹಿಂದಕ್ಕೆ ಹೋದಂತೆ ಸ್ಪಷ್ಟ; ಪಟ್ಟೆಗಳು ಸಣ್ಣಗೆ, ಜೋಡಿ ಜೋಡಿಯಾಗಿ. ತೋಳಹಾವಿನ ತಲೆ ಚಪ್ಪಟೆ, ಗೋಡೆ ಹತ್ತುವುದರಲ್ಲಿ ನಿಸ್ಸೀಮ. ಗೋಡೆಯ ಮೇಲೆ ಕಂಡರೆ ಬಹುತೇಕ ಇದೇ. ‘ಬಹುತೇಕ’ ಎಂದಿದ್ದೇನೆ, ನೆನಪಿರಲಿ. ಕಚ್ಚಿದ ಮೇಲೆ ಪಟ್ಟೆ ಎಣಿಸುತ್ತ ಕೂರುವ ಕೆಲಸ ಬೇಡ, ನೇರ ಸರ್ಕಾರಿ ಆಸ್ಪತ್ರೆಗೆ.

◆ ಹಾವು ಕಚ್ಚಿದವರಿಗೆ ಬೇವಿನ ಸೊಪ್ಪು ತಿನ್ನಿಸಿ, ಕಹಿ ಎಂದರೆ ವಿಷ ಏರಿಲ್ಲ ಎನ್ನುವ ಪರೀಕ್ಷೆ, ಆಮೇಲೆ ಮಂತ್ರ, ಬೇರು, ಅಂತ್ರ. ಎಷ್ಟೋ ಮಂದಿ ಗುಣವಾಗಿ ಮನೆಗೆ ನಡೆದೇ ಬರುತ್ತಾರೆ. ಯಾಕೆ? ಕಚ್ಚಿದ್ದು ತೋಳಹಾವೋ ನೀರುಹಾವೋ ಕೇರೆಯೋ ಆಗಿರುತ್ತದೆ. ಮಂತ್ರಕ್ಕೆ ಹೆಸರು ತಂದುಕೊಟ್ಟದ್ದು ಈ ವಿಷವಿಲ್ಲದ ಮನೆತನ. ಆ ಹೆಸರು ನಂಬಿ ಕಟ್ಟುಹಾವು ಕಚ್ಚಿದವನೂ ಅಲ್ಲಿಗೇ ಹೋಗುತ್ತಾನೆ. ಅವನು ನಡೆದು ಬರುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು ಒಂದು ಅಧ್ಯಯನ ಅಂದಾಜು ಮಾಡಿದೆ, ಅಂದರೆ ವರ್ಷಕ್ಕೆ ಸರಾಸರಿ 58,000. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಆಸ್ಪತ್ರೆಯೂ ಇಂಥ ಪ್ರಕರಣವನ್ನು ವರದಿ ಮಾಡಲೇಬೇಕು.

◆ ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ಮಾತ್ರ. ಕುದುರೆಗೆ ಅಲ್ಪಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಿಂದ ತೆಗೆಯುತ್ತಾರೆ. ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ. ಮೊದಲು ಹಾವಿನ ಚರ್ಮಕ್ಕೆ ಬೇಟೆಯಾಡುತ್ತಿದ್ದ ಇರುಳರು ಈಗ ವಿಷ ಹಿಂಡಿ, ಹಾವನ್ನು ಮತ್ತೆ ಬಿಡುತ್ತಾರೆ.

◆ ವಿಷವಿಲ್ಲದ ಮನೆತನ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೆಲವಕ್ಕೆ ಬಾಯಿಯ ಹಿಂಭಾಗದಲ್ಲಿ, ಗೀರಿರುವ ಉದ್ದ ಹಲ್ಲುಗಳಿವೆ. ಕೆನ್ನೆಯೊಳಗೆ ಡುವರ್ನಾಯ್ ಎಂಬ ಫ್ರೆಂಚ್ ಅಂಗರಚನಾ ಶಾಸ್ತ್ರಜ್ಞನ ಹೆಸರಿನ ಗ್ರಂಥಿ. ನಾಗರದಂತೆ ಚುಚ್ಚಿ ಸುರಿಸುವ ಏರ್ಪಾಡಲ್ಲ. ಕಚ್ಚಿ, ಅಗಿದು, ರಸ ಇಳಿಸಬೇಕು. ಹಲ್ಲಿ, ಓತಿಕ್ಯಾತಕ್ಕೆ ಸಾಕು, ಮನುಷ್ಯನಿಗೆ ಸಾಮಾನ್ಯವಾಗಿ ಊತ ಮಾತ್ರ.

◆ ಹಸಿರು ಹಾವು ಅಂಥದ್ದು. ಕುಂಚದ ಕಡ್ಡಿಯಂಥ ಮೈ, ಚೂಪು ಮೂತಿ, ಅಡ್ಡಕ್ಕೆ ಸೀಳಿದ ಪಾಪೆ. ಹಾವುಗಳಲ್ಲಿ ಅಪರೂಪವೆನಿಸುವಷ್ಟು ಚೆನ್ನಾಗಿ ಎರಡೂ ಕಣ್ಣುಗಳಿಂದ ಒಂದೇ ಗುರಿಯನ್ನು ನೋಡಿ ದೂರ ಅಳೆಯುತ್ತದೆ. ಅದು ಕಣ್ಣು ಕುಕ್ಕುತ್ತದೆ ಎಂಬ ಅಪವಾದ ಶ್ರೀಲಂಕಾದಿಂದ ನಮ್ಮವರೆಗೂ ಇದೆ; ಅದರ ಕುಲನಾಮ ಅಹೇಟುಲ್ಲ ಎಂಬುದೇ ಸಿಂಹಳ ಭಾಷೆಯಲ್ಲಿ ‘ಕಣ್ಣು ಕೀಳುವುದು’. ಕಿತ್ತ ಕಣ್ಣು ಮಾತ್ರ ಯಾರೂ ತೋರಿಸಿಲ್ಲ. ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ. ದಕ್ಷಿಣ ಭಾರತದ ಬಯಲಿನ ಹಸಿರು ಹಾವು ಶ್ರೀಲಂಕಾದ್ದಕ್ಕಿಂತ ಬೇರೆ ಪ್ರಭೇದ ಎಂದು ತೀರ್ಮಾನವಾದದ್ದು 2020ರಲ್ಲಷ್ಟೇ.

◆ ಹಿಂದಲ್ಲಿನ ಹಾವನ್ನು ಕಡೆಗಣಿಸಿದವರ ಕಥೆ. ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಕಾರ್ಲ್ ಪ್ಯಾಟರ್ಸನ್ ಸ್ಮಿತ್ ಹಾವುಗಳ ಮೇಲೆ ಜಗತ್ತೇ ಒಪ್ಪಿದ ವಿದ್ವಾಂಸ. 1957ರ ಸೆಪ್ಟೆಂಬರ್ 25ರಂದು, ಗುರುತು ಹಿಡಿಯಲು ತಂದ ಆಫ್ರಿಕಾದ ಬೂಮ್‌ಸ್ಲಾಂಗ್ ಮರಿಯೊಂದು ಅವರ ಹೆಬ್ಬೆರಳನ್ನು ಕಚ್ಚಿತು. ಮರಿ ತಾನೇ ಎಂದು ಆಸ್ಪತ್ರೆಗೆ ಹೋಗಲಿಲ್ಲ. ರೈಲಿನಲ್ಲಿ ಮನೆಗೆ ಹೋದರು, ಎಷ್ಟು ಗಂಟೆಗೆ ಚಳಿ, ಎಷ್ಟು ಗಂಟೆಗೆ ಒಸಡಿನಲ್ಲಿ ರಕ್ತ ಎಂದು ಒಂದೊಂದನ್ನೂ ಬರೆದಿಟ್ಟರು. ಮರುದಿನ ಮಧ್ಯಾಹ್ನ ತೀರಿಕೊಂಡರು. ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ ಕೂಡ ಹಾವಿನ ದೊಡ್ಡ ಪಂಡಿತ. ಇದೇ ಗುಂಪಿನ ಕಡ್ಡಿಹಾವು ಕಚ್ಚಿ 1975ರಲ್ಲಿ ಹೋದರು. ಎರಡೂ ಆಫ್ರಿಕಾದ ಹಾವುಗಳು, ನಮ್ಮಲ್ಲಿಲ್ಲ.

◆ ನಮ್ಮ ಪೊದೆಗಳಲ್ಲಿ ರಾತ್ರಿ ಓಡಾಡುವ ಬೆಕ್ಕುಗಣ್ಣಿನ ಹಾವಿಗೆ ಪಾಪೆ ಬೆಕ್ಕಿನದರಂತೆ ನೆಟ್ಟಗೆ ಸೀಳಿರುತ್ತದೆ. ಮೈಯ ಗುರುತು ಗರಗಸಮಂಡಲದ ನಕಲು. ಆ ತಪ್ಪಿಗೆ ಬಡಿಗೆ ತಿನ್ನುತ್ತದೆ. ಇದರ ಕುಲ ಬೋಯಿಗಾ. ಕುಲದ ಇನ್ನೊಬ್ಬ ಅಣ್ಣತಮ್ಮ ಮಾಡಿದ ಘನಕಾರ್ಯ ಕೇಳಿ: ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಸೈನ್ಯದ ಸಾಮಾನಿನೊಳಗೆ ಅಡಗಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಇಳಿದ ಕಂದು ಮರಹಾವು, ಅಲ್ಲಿನ 12 ಬಗೆಯ ಕಾಡುಹಕ್ಕಿಗಳಲ್ಲಿ 10ನ್ನು ದ್ವೀಪದ ಕಾಡಿನಿಂದ ಇಲ್ಲವಾಗಿಸಿತು. ಹಾವೇ ಕಾಣದೆ ಬೆಳೆದ ಹಕ್ಕಿಗಳಿಗೆ, ಪಾಪ, ಗೂಡು ಬಿಟ್ಟು ಏಳಬೇಕೆಂಬುದೂ ಗೊತ್ತಿರಲಿಲ್ಲ. ಹಕ್ಕಿ ಹೋದ ಮೇಲೆ ಜೇಡ ಹೆಚ್ಚಾದವು. ಹಾವು ಕರೆಂಟಿನ ತಂತಿಗೆ ಹತ್ತಿ ಊರಿಗೂರೇ ಕತ್ತಲು. ಕೊನೆಗೆ ಅಮೆರಿಕ ಸರ್ಕಾರ ಹುಡುಕಿದ ಮದ್ದು ನಮ್ಮ ಮನೆಮನೆಯ ಜ್ವರದ ಗುಳಿಗೆ, ಪ್ಯಾರಸಿಟಮಾಲ್. ಆ ಹಾವಿಗೆ 80 ಮಿಲಿಗ್ರಾಮ್ ಸಾಕು. ಸತ್ತ ಇಲಿಮರಿಗಳ ಬಾಯಲ್ಲಿಟ್ಟು, ಕಾಗದದ ಪಟ್ಟಿಯ ಪ್ಯಾರಾಚೂಟ್ ಕಟ್ಟಿ, 2013ರಲ್ಲಿ ಸುಮಾರು 2,000 ಇಲಿಗಳನ್ನು ಹೆಲಿಕಾಪ್ಟರಿನಿಂದ ಉದುರಿಸಿದರು. ಪಟ್ಟಿ ಕೊಂಬೆಗೆ ಸಿಕ್ಕಿಕೊಳ್ಳಬೇಕು, ಹಾವು ಅಲ್ಲೇ ತಿನ್ನಬೇಕು.

◆ ಇನ್ನೊಬ್ಬ ಬೋಯಿಗಾ ಮೊಟ್ಟೆ ಬಿಟ್ಟರೆ ಬೇರೇನನ್ನೂ ಮುಟ್ಟದು. ಭಾರತದ ಮೊಟ್ಟೆತಿನಿ ಹಾವು. ಹಲ್ಲು ಹೆಸರಿಗಷ್ಟೇ; ಮೊಟ್ಟೆ ಇಡಿಯಾಗಿ ಗಂಟಲಿಗಿಳಿದ ಮೇಲೆ ಬೆನ್ನುಮೂಳೆಯ ಮುಳ್ಳುಗಳು ಒಳಗಿನಿಂದಲೇ ಒಡೆಯುತ್ತವೆ, ರಸ ಹೊಟ್ಟೆಗೆ, ಚಿಪ್ಪು ಹೊರಗೆ. 1863ರಲ್ಲಿ ವಿವರಣೆ ಸಿಕ್ಕ ಇದು ಆಮೇಲೆ ನೂರು ವರ್ಷ ಬೆರಳೆಣಿಕೆಯಷ್ಟೇ ಕಂಡಿತು. ಮತ್ತೆ ಜೀವಂತ ಸಿಕ್ಕದ್ದು ಈ ಶತಮಾನದ ಆರಂಭದಲ್ಲಿ, ಮಹಾರಾಷ್ಟ್ರದ ವಾರ್ಧಾದಲ್ಲಿ.

◆ ಕುಕ್ರಿ ಹಾವಿನ ಹಿಂದಿನ ಹಲ್ಲುಗಳು ಗೂರ್ಖಾ ಸೈನಿಕರ ಬಾಗುಗತ್ತಿಯಂತಿವೆ. ಹಲ್ಲಿ, ಓತಿಕ್ಯಾತಗಳ ಮೊಟ್ಟೆ ಸೀಳಲು. ನಮ್ಮ ಪಟ್ಟೆ ಕುಕ್ರಿಗೆ ತಮಿಳುನಾಡಿನ ಆರಣಿ ಊರಿನ ಹೆಸರಿದೆ. ತಲೆಯ ಮೇಲೆ ಬಾಣದ ಗುರುತು. ಇದನ್ನೂ ಕಟ್ಟುಹಾವೆಂದು ಬಡಿಯುತ್ತಾರೆ. ಥಾಯ್ಲೆಂಡಿನ ಸೋದರ ಸಂಬಂಧಿಯೊಂದು ಅದೇ ಹಲ್ಲಿನಿಂದ ಜೀವಂತ ಕಪ್ಪೆಯ ಹೊಟ್ಟೆ ಸೀಳಿ, ತಲೆ ಒಳಗೆ ತೂರಿಸಿ, ಒಳಗಿನ ಅಂಗಗಳನ್ನು ತಿನ್ನುವುದು 2020ರಲ್ಲಿ ದಾಖಲಾಯಿತು. ಊಟದ ಹೊತ್ತಿಗೆ ಓದಬೇಡಿ ಎಂದು ಮೊದಲೇ ಹೇಳಬೇಕಿತ್ತು.

◆ ಭೀಮೆಯ ದಂಡೆ, ಕಾಲುವೆ, ಕೆರೆಗಳಲ್ಲಿ ಕಾಣುವ ಚೌಕುಳಿ ಮೈಯ ನೀರುಹಾವು, ನೀರೊಳ್ಳೆ. ‘ಪಿಸ್ಕೇಟರ್’ ಎಂಬ ಅದರ ಲ್ಯಾಟಿನ್ ಹೆಸರಿಗೆ ಮೀನುಗಾರ ಎಂದರ್ಥ. ವಿಷ ಇಲ್ಲ, ಸಿಟ್ಟು ಬೇಕಾದಷ್ಟಿದೆ. ಹಿಡಿದರೆ ಕಚ್ಚಿ ರಕ್ತ ತೆಗೆಯುತ್ತದೆ. ಒಮ್ಮೊಮ್ಮೆ ಬಾಲ ಮುರಿದು ಕೊಟ್ಟು ಪಾರಾಗುವುದೂ ಉಂಟು. ಹಲ್ಲಿಯಂತೆ ಅದು ಮತ್ತೆ ಬೆಳೆಯುವುದಿಲ್ಲ.

◆ ಪಶ್ಚಿಮ ಘಟ್ಟದ ಹಾರುವ ಹಾವೂ ಇದೇ ಮನೆಯದು. ರೆಕ್ಕೆ ಇಲ್ಲ, ಪಕ್ಕೆಲುಬು ಹರಡಿ ಮೈ ಚಪ್ಪಟೆ ಮಾಡಿಕೊಂಡು, ಗಾಳಿಯಲ್ಲೇ ತೆವಳುತ್ತ ಮರದಿಂದ ಮರಕ್ಕೆ ತೇಲುತ್ತದೆ.

◆ ಕೆನಡಾದ ಮ್ಯಾನಿಟೋಬಾದ ನಾರ್ಸಿಸ್ ಎಂಬಲ್ಲಿ ಚಳಿಗಾಲ ಮುಗಿದೊಡನೆ ಸುಣ್ಣಕಲ್ಲಿನ ಗುಂಡಿಗಳಿಂದ ಹತ್ತಾರು ಸಾವಿರ ಗಾರ್ಟರ್ ಹಾವುಗಳು ಒಟ್ಟಿಗೇ ಹೊರಬರುತ್ತವೆ. ಜನ ಗುಂಪುಗೂಡಿ ನೋಡುತ್ತಾರೆ, ನಮ್ಮ ಜಾತ್ರೆಯ ಹಾಗೆ.

◆ ಅಮೆರಿಕದ ಹಂದಿಮೂತಿ ಹಾವು ಹೆದರಿದರೆ ಅಂಗಾತ ಬಿದ್ದು, ನಾಲಿಗೆ ಹೊರಹಾಕಿ, ಸತ್ತಂತೆ ನಟಿಸುತ್ತದೆ. ಬೋರಲು ಮಾಡಿ ಇಟ್ಟರೆ ತಕ್ಷಣ ಮತ್ತೆ ಅಂಗಾತ ಹೊರಳುತ್ತದೆ. ಸತ್ತವರು ಹೀಗೇ ಇರಬೇಕೆಂದು ಅದಕ್ಕೆ ಹಟ.

◆ ಆಸ್ಪತ್ರೆ, ಔಷಧ ಅಂಗಡಿಯ ಬೋರ್ಡಿನ ಮೇಲೆ ಕೋಲಿಗೆ ಸುತ್ತಿದ ಹಾವು ಇರುತ್ತದಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲೂ ಇದೆ. ಅದು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೋಲು. ಆ ದೇವರ ಹೆಸರನ್ನೇ ಹೊತ್ತ ಯುರೋಪಿನ ಹಾವು ನಾಗರದ ಪೈಕಿ ಅಲ್ಲ; ಇಲಿ ತಿನ್ನುವ, ವಿಷವಿಲ್ಲದ, ಕೇರೆಯ ಮನೆತನದ್ದೇ. ಎರಡು ಹಾವು, ಮೇಲೆ ರೆಕ್ಕೆ ಇರುವ ಕೋಲು ಕಂಡರೆ ಅದು ವ್ಯಾಪಾರಿಗಳ ದೇವರು ಹರ್ಮಿಸ್‌ನದು. ಕೆಲವು ಆಸ್ಪತ್ರೆಗಳು ತಿಳಿಯದೆ ಹಾಕಿಕೊಂಡಿವೆಯೋ ತಿಳಿದೇ ಹಾಕಿಕೊಂಡಿವೆಯೋ, ಬಿಲ್ಲು ನೋಡಿ ನೀವೇ ಹೇಳಿ.

◆ ಕೊನೆಗೆ, ಜೀವಂತ ಹಾವಿನ ಹತ್ತಿರ ಹೋಗದೆಯೇ ಗುರುತು ಹಿಡಿಯುವ ಉಪಾಯ. ಕಟ್ಟಿಗೆ ರಾಶಿಯಲ್ಲಿ, ಬಣವೆಯ ಬುಡದಲ್ಲಿ ಹಾವಿನ ಪೊರೆ ಸಿಕ್ಕರೆ ಹಾವು ಅಲ್ಲೇ ಸುತ್ತಮುತ್ತ ಇಲ್ಲವೆಂದು ಕೋಲಿನಿಂದ ಕೆದಕಿ ಖಚಿತ ಮಾಡಿಕೊಂಡು, ಪೊರೆಯನ್ನು ಬಿಸಿಲಿಗೆ ಹಿಡಿಯಿರಿ. ಬಾಲದ ಅಡಿಯ ಹುರುಪೆ ನೋಡಿ. ಜೋಡಿ ಸಾಲಾಗಿ ಎರಡು ಭಾಗವಾಗಿದ್ದರೆ ತೋಳಹಾವು ಇದ್ದೀತು, ಕೇರೆ ಇದ್ದೀತು (ನಾಗರಕ್ಕೂ ಜೋಡಿಯೇ, ಎಚ್ಚರ). ಒಂದೇ ಸಾಲಿನಲ್ಲಿ ಇಡಿಯಾಗಿದ್ದು, ಬೆನ್ನ ನಡುವಿನ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ ಆರು ಮೂಲೆಯಾಗಿದ್ದರೆ ಕಟ್ಟುಹಾವು. ಆ ರಾತ್ರಿಯಿಂದ ಮಂಚದ ಮೇಲೆ, ಸೊಳ್ಳೆಪರದೆ ಸಿಕ್ಕಿಸಿ ಮಲಗಿ. ಪೊರೆ ಹಾವಿಗಿಂತ ಉದ್ದ, ಕಳಚುವಾಗ ಹಿಗ್ಗಿರುತ್ತದೆ. ಕಾಲುಚೀಲ ಬಿಚ್ಚಿದಂತೆ ಒಳಮಗ್ಗುಲು ಹೊರಗಾಗಿರುತ್ತದೆ. ತಲೆಯ ಭಾಗ ಹರಿಯದೆ ಸಿಕ್ಕಿದ್ದರೆ ಎರಡು ಗುಂಡು ಗಾಜಿನಂಥ ಚೂರುಗಳನ್ನು ಹುಡುಕಿ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿಗೆ ಪಾರದರ್ಶಕ ಹುರುಪೆಯ ಮುಚ್ಚಳ. ಪೊರೆಯ ಜೊತೆ ಅದನ್ನೂ ಕಳಚಿಟ್ಟು ಹೋಗಿರುತ್ತದೆ.